ಎಳೆದು ಆಡುವ ಮಾತು: ಕನ್ನಡದ ಪ್ರಾಂತನುಡಿಗಳ ಕಥೆ

ರಾಜ್ಯೋತ್ಸವದ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಇತಿಹಾಸದ ಒಂದು ವಿಷಯವನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ. ಆದರೆ ಇತಿಹಾಸಕ್ಕೆ ಕೈಹಾಕುವ ಮೊದಲು ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪು ನಡೆಯದಿದ್ದರೆ ಈ ವಿಷಯ ನನ್ನ ಮನಸ್ಸಿಗೆ ಬರುತ್ತಲೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ಕನ್ನಡ ಸಮಾರಂಭದಲ್ಲಿ ಮಕ್ಕಳ ಭಾಷಣ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. ಹತ್ತು ವರ್ಷದ ಒಬ್ಬ ಹುಡುಗಿ ವೇದಿಕೆಗೆ ಬಂದು ತನ್ನ ಅಜ್ಜಿಯ ಊರಿನ ವಿಷಯ ಹೇಳತೊಡಗಿದಳು. ಕಲಬುರಗಿಯ ಕಡೆಯ ಮನೆತನ. “ನಮ್ಮ ಅಜ್ಜಿ ಊರಾಗ ಬಿಸಲ ಬಾಳ ಅದಾ… ಮನಿ ಮುಂದ ಒಂದ ಬೇವಿನ ಗಿಡ ಅದಾ…” ಎಂದು ಪ್ರತಿ ಮಾತಿನ ಕೊನೆಯನ್ನೂ ಎಳೆದು ಎಳೆದು ಹೇಳಿದಳು. ಸಭೆಯಲ್ಲಿ ಸಣ್ಣಗೆ ನಗೆ ಎದ್ದಿತು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ನಿಜ. ಆದರೂ ನಗೆ ನಗೆಯೇ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ಉಚ್ಚಾರ ಶುದ್ಧಿ’ ಎಂಬ ಒಂದು ಅಂಕಣವಿತ್ತು. ಹತ್ತಕ್ಕೆ ನಾಲ್ಕು ಹಾಕಿದೆ. ಪಾಠಪುಸ್ತಕದ ಕನ್ನಡವನ್ನು ಗಿಣಿಯಂತೆ ಒಪ್ಪಿಸಿದ ಒಬ್ಬ ಹುಡುಗನಿಗೆ ಬಹುಮಾನ ಹೋಯಿತು.

ಮರುವರ್ಷದ ಉತ್ಸವದಲ್ಲಿ ಆ ಹುಡುಗಿಯ ಅಜ್ಜಿ ನನ್ನನ್ನು ಗುರುತು ಹಿಡಿದು ಮಾತಾಡಿಸಿದರು. ಸಿಟ್ಟಿನಿಂದಲ್ಲ, ಸುಮ್ಮನೆ ಸುದ್ದಿ ಹೇಳುವಂತೆ ಹೇಳಿದರು: “ಈ ಸಲ ನಿಮ್ಮ ಸ್ಪರ್ಧಾಕ್ಕ ಬರಲಿಲ್ರೀ ಸರ ಅಕಿ. ನನ್ನ ಕೂಡ ಸುದಾ ಈಗ ಮರಾಠಿಯೊಳಗ ಮಾತಾಡ್ತಾಳ. ಕನ್ನಡ ಆಡಿದ್ರ ಮಂದಿ ನಗ್ತಾರಂತ. ನನಗ ಮರಾಠಿ ಪೂರಾ ತಿಳಿಯಂಗಿಲ್ಲ. ಏನ ಮಾಡ್ಲಿ?”

ಇದಕ್ಕೆ ನಾನು ಏನು ಉತ್ತರ ಕೊಡಲಿ? ಕನ್ನಡವನ್ನು ಉಳಿಸುವುದಕ್ಕೆಂದು ಏರ್ಪಡಿಸಿದ ಸ್ಪರ್ಧೆಯಲ್ಲಿ ಒಂದು ಮನೆಯ ಕನ್ನಡವನ್ನು ನಾನೇ ನಿಲ್ಲಿಸಿಬಿಟ್ಟಿದ್ದೆ. ಆ ದಿನದಿಂದ, ಮಾತನ್ನು ಎಳೆಯುವುದೆಂದರೇನು, ಶುದ್ಧವೆಂದರೇನು, ಯಾರ ಕನ್ನಡ ಯಾವಾಗ ಶುದ್ಧವೆನಿಸಿತು ಎಂದು ಹುಡುಕಿ ಓದತೊಡಗಿದೆ. ಓದಿದ್ದರಲ್ಲಿ ಕೆಲವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಎಳೆತಕ್ಕೂ ಶಾಸ್ತ್ರವುಂಟು

ಮಾತನ್ನು ಎಳೆಯುವುದು ಅರಿಯದವರ ಅಭ್ಯಾಸವೆಂದು ನಾವು ತಿಳಿಯುತ್ತೇವೆ. ನಮ್ಮ ವೈಯಾಕರಣರು ಹಾಗೆ ತಿಳಿಯಲಿಲ್ಲ. ಅವರು ಸ್ವರಗಳನ್ನು ಅಳೆದು ಒಂದು ಮಾತ್ರೆಯದನ್ನು ಹ್ರಸ್ವವೆಂದರು, ಎರಡು ಮಾತ್ರೆಯದನ್ನು ದೀರ್ಘವೆಂದರು, ಮೂರು ಮಾತ್ರೆಯದನ್ನು ಪ್ಲುತವೆಂದರು. ಪಾಣಿನಿಯು ಈ ಮೂರನ್ನೂ ಹೇಳುವಾಗ ಉಕಾರವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಾನೆ. ಕೋಳಿಯ ಕೂಗಿನಲ್ಲಿ ಉಕಾರವು ಮೊದಲು ಗಿಡ್ಡವಾಗಿ, ಆಮೇಲೆ ಉದ್ದವಾಗಿ, ಕೊನೆಗೆ ಬಹಳ ಉದ್ದವಾಗಿ ಕೇಳಿಸುವುದರಿಂದ ಹಾಗೆ ಮಾಡಿದನೆಂದು ಪಂಡಿತರು ಪಾಠ ಹೇಳುವ ವಾಡಿಕೆ. ದೂರದಲ್ಲಿರುವವರನ್ನು ಕರೆಯುವಾಗ ಕೊನೆಯ ಸ್ವರ ಪ್ಲುತವಾಗಬೇಕೆಂಬುದು ಅವನ ಒಂದು ನಿಯಮ. ನಮಸ್ಕಾರಕ್ಕೆ ಪ್ರತಿಯಾಗಿ ಹರಸುವಾಗಲೂ ಹಾಗೆ ಎಳೆಯಬೇಕೆಂಬುದು ಇನ್ನೊಂದು ನಿಯಮ. ಆ ಎರಡನೆಯ ನಿಯಮದಿಂದ ಶೂದ್ರರನ್ನು ಹೊರಗಿಟ್ಟಿದ್ದನೆಂಬುದನ್ನೂ ಮರೆಮಾಚಬಾರದು. ಮಾತಿನ ಧಾಟಿಗೂ ಸಮಾಜದ ತರತಮಕ್ಕೂ ಇರುವ ನಂಟು ಅಷ್ಟು ಹಳೆಯದು.

ಕ್ರಿ. ಶ. ೧೨೬೦ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ಬರೆದ ನಮ್ಮ ಕೇಶಿರಾಜನೂ ಪ್ಲುತವನ್ನು ಬಿಡಲಿಲ್ಲ. ದೂರದಿಂದ ಕರೆಯುವಾಗ, ಹಾಡುವಾಗ, ಅಳುವಾಗ ಸ್ವರ ಎಳೆಯುತ್ತದೆ ಎಂಬುದು ಸಂಪ್ರದಾಯದ ಮಾತು. ಹೊಲದ ಆಚೆಯ ಬದುವಿನಲ್ಲಿರುವ ಮಗನನ್ನು ಕರೆಯುವ ತಾಯಿ, ತೊಟ್ಟಿಲು ತೂಗುವ ಹೆಂಗಸು, ಸತ್ತವರ ಮುಂದೆ ಹಾಡಿಕೊಂಡು ಅಳುವ ಅಜ್ಜಿ, ಇವರೆಲ್ಲರೂ ಪ್ಲುತದ ಒಡೆಯರೇ ಅಲ್ಲವೆ?

ಇಷ್ಟಾದರೂ ಎಲ್ಲ ಸ್ವರವನ್ನೂ ನಾವು ಮನಬಂದಂತೆ ಎಳೆಯುವಂತಿಲ್ಲ. ‘ಮರ’ ಎಂಬುದನ್ನು ಸ್ವಲ್ಪ ಎಳೆದರೆ ‘ಮಾರ’ ಆಗುತ್ತದೆ. ‘ಕಡು’ ಎಂಬುದು ‘ಕಾಡು’ ಆಗುತ್ತದೆ. ಶಬ್ದದ ಒಳಗೆ ಎಳೆದರೆ ಅರ್ಥವೇ ಬೇರೆಯಾಗಿ ಹೋಗುವುದು. ಆದ್ದರಿಂದ ಕನ್ನಡಿಗನ ರಾಗಕ್ಕೆ ಜಾಗ ಸಿಗುವುದು ಬಹುಮಟ್ಟಿಗೆ ಮಾತಿನ ಕೊನೆಯಲ್ಲಿ. ಅಲ್ಲಿಯೇ ಪ್ರಶ್ನೆ, ಅಲ್ಲಿಯೇ ಒತ್ತು, ಅಲ್ಲಿಯೇ ಅಕ್ಕರೆ. ‘ಬಂದನು’ ಎಂಬುದು ಸುದ್ದಿ. ‘ಬಂದನೇ’ ಎಂದರೆ ಪ್ರಶ್ನೆ. ‘ಅಣ್ಣ’ ಎಂದರೆ ನಂಟು. ‘ಅಣ್ಣಾ’ ಎಂದರೆ ಕರೆ. ಹೀಗೆ ಕೊನೆಯ ಸ್ವರಕ್ಕೆ ಹೆಚ್ಚಿನ ಕೆಲಸವಿರುವುದರಿಂದ ಒಂದೊಂದು ಸೀಮೆಯವರು ಅದನ್ನು ಒಂದೊಂದು ಬಗೆಯಲ್ಲಿ ಏರಿಸಿ ಇಳಿಸಿ ಎಳೆಯುವುದು ರೂಢಿಯಾಯಿತು. ಮಂಡ್ಯದವರ ‘ಬಾಪ್ಪಾ’, ಧಾರವಾಡದವರ ‘ಬರ್ರೆಲಾ’, ಕುಂದಾಪುರದವರ ‘ಹ್ವಾಯ್’, ಮಂಗಳೂರಿನವರ ‘ಮಾರಾಯ್ರೇ’, ಇವೆಲ್ಲ ಒಂದೇ ಪ್ಲುತದ ಹಲವು ಮಕ್ಕಳು. ನನ್ನ ಮುಂದೆ ನಿಂತ ಹುಡುಗಿಯ ‘ಅದಾ’ ಕೂಡ ಅವುಗಳಲ್ಲಿ ಒಂದು.

ಶುದ್ಧ ಕನ್ನಡದ ಊರು ಯಾವುದು?

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ಕಾಲ ಕ್ರಿ. ಶ. ೮೫೦ರ ಸುಮಾರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಕೃತಿಯನ್ನು ಬರೆದವನು ಶ್ರೀವಿಜಯನೆಂದು ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಈ ಗ್ರಂಥ ಹೇಳಿದ ಸಂಗತಿಯನ್ನು ಪ್ರತಿ ವರ್ಷ ನವೆಂಬರ್ ಒಂದರಂದು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಅದನ್ನು ಭಾಷಣಕಾರರು ಅಷ್ಟಾಗಿ ಹೇಳುವುದಿಲ್ಲ. ಕನ್ನಡದ ದೇಸಿಗಳು ಎಷ್ಟು ಬೇರೆ ಬೇರೆಯಾಗಿವೆಯೆಂದರೆ ಅವನ್ನೆಲ್ಲ ತಿಳಿಯಹೊರಟರೆ ಸರ್ಪರಾಜನಾದ ವಾಸುಕಿಗೂ ಬೇಸರ ಬಂದೀತು ಎಂಬುದೇ ಆ ಮಾತಿನ ತಾತ್ಪರ್ಯ. ನಾವು ‘ಈಗ ಕನ್ನಡ ಊರಿಗೊಂದು ಥರ ಆಗಿಹೋಗಿದೆ’ ಎಂದು ಗೊಣಗುತ್ತೇವೆ. ಸಾವಿರದ ನೂರೈವತ್ತು ವರ್ಷಗಳ ಹಿಂದೆಯೂ ಅದು ಊರಿಗೊಂದು ಥರವೇ ಇತ್ತು!

ಹಾಗಾದರೆ ಅಂದಿನವರು ಯಾವ ಕನ್ನಡವನ್ನು ತಿರುಳೆಂದು ಎಣಿಸಿದರು? ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕು ಊರುಗಳ ನಡುವಿನ ಸೀಮೆಯದೇ ಕನ್ನಡದ ತಿರುಳೆಂದು ಗ್ರಂಥ ಹೇಳುತ್ತದೆ. ಕಿಸುವೊಳಲೆಂದರೆ ಇಂದಿನ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಒಕ್ಕುಂದವು ಬೆಳಗಾವಿ ಜಿಲ್ಲೆಯಲ್ಲಿದೆ. ಕ್ರಿ. ಶ. ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಪಂಪನೂ ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆಯೆಂದು ಹೆಮ್ಮೆಪಟ್ಟುಕೊಂಡಿದ್ದಾನೆ. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿ. ಮೈಸೂರಿಲ್ಲ, ಬೆಂಗಳೂರಿಲ್ಲ, ಮಂಗಳೂರಿಲ್ಲ. ಇಂದು ನಮ್ಮ ನಾಟಕಗಳಲ್ಲಿ ಆಳಿನ ಪಾತ್ರಕ್ಕೂ ನಗೆಯ ಪಾತ್ರಕ್ಕೂ ನಾವು ಕೊಡುವ ಆ ಉತ್ತರದ ಮಾತಿನ ಸೀಮೆಯೇ ಅಂದು ಕವಿಗಳಿಗೆ ಮಾದರಿಯಾಗಿತ್ತು.

ಇನ್ನೂ ಒಂದು ಸಂಗತಿಯಿದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ. ಇಂದು ಅದನ್ನು ಮಳಖೇಡವೆನ್ನುತ್ತಾರೆ. ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಎಂದರೆ ಕನ್ನಡದ ಮೊದಲ ಗ್ರಂಥ ಹುಟ್ಟಿದ್ದು ಆ ಹುಡುಗಿಯ ಅಜ್ಜಿಯ ಜಿಲ್ಲೆಯಲ್ಲಿಯೇ. ಹತ್ತಕ್ಕೆ ನಾಲ್ಕು ಹಾಕಿದ ಕೈ ಇದನ್ನು ಓದಿದ ದಿನ ನಾಚಿತೆಂದು ಹೇಳಬೇಕಾಗಿಲ್ಲ.

ಹೊರನಾಡಿನಲ್ಲಿರುವ ನಮಗೆ ಪಂಪನ ವಿಷಯದಲ್ಲಿ ಮತ್ತೊಂದು ಸಮಾಧಾನವೂ ಉಂಟು. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಆದಿಕವಿಯೂ ಇಂದಿನ ಗಡಿಯ ಲೆಕ್ಕದಲ್ಲಿ ಹೊರನಾಡ ಕನ್ನಡಿಗನೇ! ಬನವಾಸಿಯನ್ನು ನೆನೆದು ಅವನ ಮನಸ್ಸು ಹಂಬಲಿಸಿದ ಬಗೆ ಊರು ಬಿಟ್ಟು ಬಂದ ನಮಗಲ್ಲದೆ ಇನ್ನಾರಿಗೆ ತಿಳಿದೀತು?

ಹಾಲೂ ಆಲೂ

ನಾನು ಮಂಡ್ಯದ ಕಡೆಯವನು. ನಮ್ಮ ಹಳ್ಳಿಯಲ್ಲಿ ‘ಹಾಲು’ ಇರಲಿಲ್ಲ, ‘ಆಲು’ ಇತ್ತು. ‘ಹಳ್ಳಿ’ ಇರಲಿಲ್ಲ, ‘ಅಳ್ಳಿ’ ಇತ್ತು. ಮೇಷ್ಟರು ಕಿವಿ ಹಿಂಡಿ ಹಕಾರ ಕಲಿಸಿದರು. ನಾನು ಕಲಿತೆ. ಆದರೆ ನನ್ನ ತಾಯಿ ಕೊನೆಯವರೆಗೂ ‘ಆಲು’ ಎಂದೇ ಹೇಳಿದಳು, ಮತ್ತು ಕಾಲೇಜಿಗೆ ಹೋದ ಮೇಲೆ ಗೆಳೆಯರ ಮುಂದೆ ಅವಳು ಮಾತಾಡಿದರೆ ನನಗೆ ಸಂಕೋಚವಾಗುತ್ತಿತ್ತು. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಆದರೆ ಈ ‘ಹಾಲು’ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು ‘ಪಾಲ್’. ಹುಲಿ ‘ಪುಲಿ’ಯಾಗಿತ್ತು, ಹಳ್ಳಿ ‘ಪಳ್ಳಿ’ಯಾಗಿತ್ತು, ಹೂವು ‘ಪೂ’ ಆಗಿತ್ತು. ತಮಿಳರೂ ಮಲಯಾಳಿಗಳೂ ಈಗಲೂ ‘ಪಾಲ್’ ಎನ್ನುತ್ತಾರೆ, ತೆಲುಗರು ‘ಪಾಲು’ ಎನ್ನುತ್ತಾರೆ. ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಮೆಲ್ಲಮೆಲ್ಲನೆ ಪಕಾರ ಹೋಗಿ ಹಕಾರ ಬರುವುದು ಕಾಣುತ್ತದೆ. ನಾಲ್ಕೈದು ಶತಮಾನಗಳಲ್ಲಿ ಆ ಬದಲಾವಣೆ ಬಲವಾಗಿ ನೆಲೆನಿಂತಿತು. ಪುಲಿಗೆರೆ ಹುಲಿಗೆರೆಯಾಯಿತು, ಪಂಪಾಕ್ಷೇತ್ರ ಹಂಪೆಯಾಯಿತು. ಮೊದಲು ‘ಹಾಲು’ ಎಂದವನನ್ನು ‘ಪಾಲ್’ ಎನ್ನುವ ಹಿರಿಯರು ಎಷ್ಟು ಹೀಯಾಳಿಸಿದರೋ ಯಾರು ಬಲ್ಲರು! ಪಕಾರದಿಂದ ಹಕಾರಕ್ಕೆ ಬಂದ ಆ ದಾರಿಯಲ್ಲಿಯೇ ನಮ್ಮ ಹಳ್ಳಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟರು. ‘ಪಾಲ್’ ಅನ್ನು ‘ಹಾಲು’ ಮಾಡಿದ್ದು ತಪ್ಪಲ್ಲವಾದರೆ ‘ಹಾಲು’ ಅನ್ನು ‘ಆಲು’ ಮಾಡಿದ್ದು ಮಾತ್ರ ಹೇಗೆ ತಪ್ಪಾದೀತು? ಬರವಣಿಗೆಗೆ ಒಂದು ಕಟ್ಟಳೆ ಬೇಕು, ಸರಿ. ಕಟ್ಟಳೆಯನ್ನು ಮೀರಿದುದು ಬೇರೆ, ಮಾತು ಕೆಟ್ಟಿತೆನ್ನುವುದು ಬೇರೆ.

ೞಕಾರದ ಕಥೆಯೂ ಇಂಥದೇ. ಬಾೞೆ, ಕೋೞಿ ಎಂಬಲ್ಲಿದ್ದ ಆ ಅಕ್ಷರವನ್ನು ತಮಿಳರು ಇಂದೂ ಉಳಿಸಿಕೊಂಡಿದ್ದಾರೆ. ನಾವು ಳಕಾರದಲ್ಲಿ ಕರಗಿಸಿಬಿಟ್ಟೆವು. ಕೇಶಿರಾಜನು ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಎಲ್ಲರ ಬಾಯಲ್ಲಿಯೂ ಅದು ಸರಿಯಾಗಿಯೇ ಇದ್ದಿದ್ದರೆ ಪಟ್ಟಿಯೇಕೆ ಬೇಕಿತ್ತು? ಅವನ ಕಾಲಕ್ಕಾಗಲೇ ಜನ ಅದನ್ನು ಮರೆತಿದ್ದರೆಂದೇ ಊಹಿಸಬೇಕು. ಆ ಮರೆತವರ ಮಕ್ಕಳ ಮಕ್ಕಳೇ ನಾವು.

ಇನ್ನು ‘ಮನೆ’ ಮತ್ತು ‘ಮನಿ’. ತಮಿಳಿನಲ್ಲಿ ಇದು ‘ಮನೈ’. ದಕ್ಷಿಣದವರು ಅದನ್ನು ‘ಮನೆ’ಯಾಗಿ ಇಟ್ಟುಕೊಂಡರು, ಉತ್ತರದವರು ‘ಮನಿ’ ಮಾಡಿಕೊಂಡರು. ‘ಮಾಡಿರಿ’ ಎಂಬ ಮರ್ಯಾದೆಯ ಮಾತನ್ನು ತೆಗೆದುಕೊಳ್ಳಿ. ಮೈಸೂರಿನವರು ಕೊನೆಯ ‘ರಿ’ಯನ್ನು ಬಿಟ್ಟು ‘ಮಾಡಿ’ ಎಂದರು. ಧಾರವಾಡದವರು ನಡುವಿನ ಇಕಾರವನ್ನು ಬಿಟ್ಟು ‘ಮಾಡ್ರಿ’ ಎಂದರು. ಧಾರವಾಡದ ಹಿರಿಯರಿಗೆ ‘ಮಾಡಿ’ ಎಂದರೆ ಮರ್ಯಾದೆ ಕಡಿಮೆಯಾದಂತೆ ತೋರುತ್ತದೆ. ಮೈಸೂರಿನವರಿಗೆ ‘ಮಾಡ್ರಿ’ ಎಂದರೆ ಗದರಿಸಿದಂತೆ ಕೇಳುತ್ತದೆ. ಒಂದೇ ಶಬ್ದದ ಎರಡು ತುಂಡುಗಳನ್ನು ಹಂಚಿಕೊಂಡ ಅಣ್ಣತಮ್ಮಂದಿರು ಹೀಗೆ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡಿದ್ದಾರೆ.

ಹವ್ಯಕರ ಮನೆಗಳಲ್ಲಿ ‘ಹೌದು’ ಎನ್ನುವುದಕ್ಕೆ ‘ಅಪ್ಪು’ ಎನ್ನುವುದುಂಟು, ‘ಇರುವ’ ಎನ್ನುವುದಕ್ಕೆ ‘ಇಪ್ಪ’ ಎನ್ನುವುದುಂಟು. ಕುಂದಾಪುರದವರು ‘ಬರುವುದು’ ಎಂಬುದಕ್ಕೆ ‘ಬಪ್ಪುದು’ ಎನ್ನುತ್ತಾರೆ. ಹಳಗನ್ನಡವನ್ನು ಓದಿದವರಿಗೆ ‘ಅಪ್ಪುದು’, ‘ಇರ್ಪ’, ‘ಬರ್ಪ’ ಎಂಬ ರೂಪಗಳು ನೆನಪಾಗದೆ ಇರಲಾರವು. ನಾವು ಪರೀಕ್ಷೆಗೆಂದು ಕಷ್ಟಪಟ್ಟು ಬಾಯಿಪಾಠ ಮಾಡಿದ್ದು ಅವರ ಅಡಿಗೆಮನೆಯಲ್ಲಿ ಇನ್ನೂ ಉಸಿರಾಡುತ್ತಿದೆ.

ಐದು ಕಚೇರಿಗಳ ಕನ್ನಡ

ಹೀಗೆ ಮೊದಲೇ ಬೇರೆ ಬೇರೆಯಾಗಿದ್ದ ಮಾತುಗಳನ್ನು ರಾಜಕೀಯವು ಇನ್ನಷ್ಟು ದೂರ ಮಾಡಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ೧೮೧೮ರಲ್ಲಿ ಪೇಶ್ವೆಯ ಆಳಿಕೆ ಮುಗಿಯಿತು. ಮುಂದೆ ಕನ್ನಡ ನಾಡು ಮುಖ್ಯವಾಗಿ ಐದು ಆಡಳಿತಗಳ ಕೆಳಗೆ ಹರಿದು ಹಂಚಿಹೋಯಿತು. ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಹೈದರಾಬಾದು ಸಂಸ್ಥಾನ, ಮೈಸೂರು ಸಂಸ್ಥಾನ, ಕೊಡಗು. ಜೊತೆಗೆ ಚಿಕ್ಕಪುಟ್ಟ ಸಂಸ್ಥಾನಗಳು ಬೇರೆ. ಕರಾವಳಿಯ ಕೆನರಾ ಜಿಲ್ಲೆಯೂ ಎರಡಾಗಿ, ಅದರ ಉತ್ತರದ ಪಾಲು ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು.

ಕಚೇರಿಯ ಭಾಷೆ ಮೆಲ್ಲಗೆ ಮನೆಯ ಭಾಷೆಯೊಳಗೆ ಇಳಿಯುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರಗಳಲ್ಲಿ ಮರಾಠಿಯ ಸಂಗವಾಯಿತು; ಶಾಲೆ ‘ಸಾಳಿ’ಯಾಯಿತು, ನಿಜ ‘ಖರೆ’ಯಾಯಿತು. ಕಲಬುರಗಿ, ಬೀದರ, ರಾಯಚೂರುಗಳಲ್ಲಿ ನಿಜಾಮನ ಆಡಳಿತ ೧೯೪೮ರವರೆಗೂ ಇತ್ತು. ಅಲ್ಲಿ ಉರ್ದುವೇ ಕಚೇರಿಯ ಭಾಷೆ, ಶಾಲೆಯಲ್ಲಿಯೂ ಅದರದೇ ಮೇಲುಗೈ. ತಾಯ್ನುಡಿಯಲ್ಲಿ ಓದುಬರಹ ಕಲಿಯುವ ಅವಕಾಶವೇ ಬಹುಮಂದಿಗೆ ಸಿಕ್ಕಲಿಲ್ಲ. ಆದರೂ ಮನೆಯೊಳಗೆ, ಹೊಲದೊಳಗೆ, ಭಜನೆಯ ಪದಗಳೊಳಗೆ ಅವರು ಕನ್ನಡವನ್ನು ಬಿಡಲಿಲ್ಲ. ಪುಸ್ತಕದ ಊರುಗೋಲಿಲ್ಲದೆ ಬಾಯಿಂದ ಬಾಯಿಗೆ ಉಳಿದು ಬಂದ ಮಾತು ಅದು. ಮಂಗಳೂರಿನ ಕಡೆಯ ಕಥೆ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಂದಿ ಕನ್ನಡವನ್ನು ಕಲಿತದ್ದು ಶಾಲೆಯಲ್ಲಿ. ಆದುದರಿಂದಲೇ ಅವರ ‘ಹೋಗ್ತೇನೆ’, ‘ಬರ್ತೇನೆ’ ಎಂಬ ಮಾತು ಅಚ್ಚಿನ ಮೊಳೆಯಿಂದ ಎದ್ದು ಬಂದಂತೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅಚ್ಚಿನ ಮೊಳೆಗೂ ಮಂಗಳೂರಿಗೂ ಹಳೆಯ ನಂಟು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ೧೮೪೩ರಲ್ಲಿ ಹೊರಟದ್ದು ಅಲ್ಲಿಂದಲೇ.

ಒಂದು ಗಡ್ಡೆಯನ್ನೇ ನೋಡಿ. ಮೈಸೂರಿನವರಿಗೆ ಅದು ಈರುಳ್ಳಿ, ಮಂಗಳೂರಿನವರಿಗೆ ನೀರುಳ್ಳಿ, ಹುಬ್ಬಳ್ಳಿಯವರಿಗೆ ಉಳ್ಳಾಗಡ್ಡಿ. ನಮ್ಮ ಸಂಘದ ಊಟದ ದಿನ ಅಡಿಗೆಯ ಪಟ್ಟಿ ಬರೆಯುವಾಗ ಪ್ರತಿಸಲವೂ ಈ ಒಂದು ಪದಕ್ಕೆ ಚರ್ಚೆಯಾಗುತ್ತದೆ. ಹೆಚ್ಚುವಾಗ ಮಾತ್ರ ಎಲ್ಲರ ಕಣ್ಣಲ್ಲಿಯೂ ಒಂದೇ ನೀರು!

ಹರಿದದ್ದನ್ನು ಹೊಲಿಯುವ ಕೆಲಸವೂ ನಡೆಯಿತು. ಧಾರವಾಡದಲ್ಲಿ ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ ೧೯೧೫ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ೧೯೧೭ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದಿತು. ಎಲ್ಲ ಪ್ರಾಂತದವರೂ ಓದಬಲ್ಲ ಒಂದು ಬರವಣಿಗೆಯ ಕನ್ನಡ ಬಲಗೊಂಡಿತು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ. ೧೯೫೦ರಲ್ಲಿ ಧಾರವಾಡಕ್ಕೂ ಬಾನುಲಿ ಬಂದಾಗ ಆ ಕಡೆಯ ಮಾತಿನ ಗತ್ತು ನಾಡಿನ ಉಳಿದವರ ಕಿವಿಗೂ ಬಿದ್ದಿತು. ೧೯೫೬ರ ನವೆಂಬರ್ ಒಂದರಂದು ನಾಡು ಒಂದಾಯಿತು. ೧೯೭೩ರ ನವೆಂಬರ್ ಒಂದರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು.

ನಾಡು ಒಂದಾದುದು ನಮ್ಮ ಭಾಗ್ಯ. ಆದರೆ ರಾಜಧಾನಿ ಬೆಂಗಳೂರಾದ್ದರಿಂದ, ಕಚೇರಿ, ಪಾಠಪುಸ್ತಕ, ಚಲಚ್ಚಿತ್ರಗಳೆಲ್ಲ ಆ ಸುತ್ತಿನಲ್ಲಿಯೇ ಬೆಳೆದುದರಿಂದ, ಅಲ್ಲಿನ ಓದಿದವರ ಮಾತೇ ‘ಶುದ್ಧ’ವೆಂಬ ಭಾವನೆ ಹಬ್ಬಿತು. ಒಂಬತ್ತನೆಯ ಶತಮಾನದಲ್ಲಿ ಪುಲಿಗೆರೆಗೆ ಸಿಕ್ಕಿದ ಪಟ್ಟ ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರು ಮೈಸೂರುಗಳಿಗೆ ಸಿಕ್ಕಿತು. ಪಟ್ಟ ಬದಲಾಗುತ್ತದೆ. ಮಾತಿನ ಗುಣಕ್ಕೂ ಪಟ್ಟಕ್ಕೂ ಸಂಬಂಧವಿಲ್ಲ.

ನಮ್ಮ ನೆರೆಯಲ್ಲಿಯೇ ಅಚ್ಚಾದ ಪುಸ್ತಕಗಳು

ಪ್ರಾಂತನುಡಿಗಳನ್ನು ನಗೆಯ ವಸ್ತುವಾಗಿ ನೋಡದೆ ಓದಿನ ವಸ್ತುವಾಗಿ ನೋಡಿದವರು ಬಹಳ ಮಂದಿ ಇದ್ದಾರೆ. ಕಿಟ್ಟೆಲರ ಮಹಾಕೋಶ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಾವ್ಯದ ಶಬ್ದಗಳ ಪಕ್ಕದಲ್ಲಿಯೇ ಮೈಸೂರು ಸೀಮೆಯ ಮಾತನ್ನೂ ಮರಾಠಾ ಸೀಮೆಯ ಕನ್ನಡವನ್ನೂ ಆ ಪಾದ್ರಿಗಳು ಗುರುತು ಹಾಕಿ ಕೂರಿಸಿದ್ದಾರೆ. ಗ್ರಿಯರ್‌ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ದ್ರಾವಿಡ ಸಂಪುಟ ೧೯೦೬ರಲ್ಲಿ ಬಂದಿತು. ಆದರೆ ಮದ್ರಾಸು ಪ್ರಾಂತವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಆ ಸಮೀಕ್ಷೆಯ ಹೊರಗೇ ಉಳಿದಿದ್ದವು. ನೀಲಗಿರಿಯ ಬಡಗರ ನುಡಿಯಲ್ಲಿ ನಾಲಗೆಯನ್ನು ಮಡಚಿ ಆಡುವ ವಿಚಿತ್ರ ಸ್ವರಗಳಿವೆಯೆಂದು ಎಮೆನೊ ಎಂಬ ವಿದ್ವಾಂಸರು ೧೯೩೯ರಲ್ಲಿ ಬರೆದು ಭಾಷಾಶಾಸ್ತ್ರಜ್ಞರ ಗಮನ ಸೆಳೆದರು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಅಚ್ಚರಿ ತಂದದ್ದು ಪುಣೆಯ ಡೆಕ್ಕನ್ ಕಾಲೇಜು. ಅದು ನಾವು ದಿನವೂ ಓಡಾಡುವ ಊರಿನಲ್ಲಿಯೇ, ಯೆರವಡೆಯಲ್ಲಿದೆ. ವಿಲಿಯಂ ಬ್ರೈಟ್ ಎಂಬ ಅಮೆರಿಕದ ವಿದ್ವಾಂಸರು ಆಡುಗನ್ನಡವನ್ನು ಕುರಿತು ಬರೆದ ಗ್ರಂಥ ೧೯೫೮ರಲ್ಲಿ ಅಲ್ಲಿಂದಲೇ ಹೊರಟಿತು. ಯು. ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’, ಆರ್. ಮಹಾದೇವನ್ ಅವರ ‘ಗುಲ್ಬರ್ಗಾ ಕನ್ನಡ’ ಎರಡೂ ೧೯೬೮ರಲ್ಲಿ ಅಲ್ಲಿಯೇ ಅಚ್ಚಾದವು. ಇಂಗ್ಲಿಷಿನಲ್ಲಿರುವ ಈ ಗ್ರಂಥಗಳಲ್ಲಿ ನಮ್ಮ ಹಳ್ಳಿಯವರ ಒಂದೊಂದು ಉಚ್ಚಾರವನ್ನೂ ರತ್ನಪಡಿ ವ್ಯಾಪಾರಿ ಹರಳು ತೂಗುವಂತೆ ತೂಗಿ ಇಟ್ಟಿದ್ದಾರೆ. ಯಾವ ನುಡಿಗೆ ನಾನು ಹತ್ತಕ್ಕೆ ನಾಲ್ಕು ಹಾಕಿದೆನೋ ಆ ನುಡಿಗೆ ಇದೇ ಊರಿನಲ್ಲಿ ಒಂದು ಇಡೀ ವ್ಯಾಕರಣ ಗ್ರಂಥವೇ ಇದೆ!

ಈ ವಿದ್ವಾಂಸರ ಓದಿನಿಂದ ತಿಳಿಯುವ ಒಂದು ಮುಖ್ಯ ಮಾತುಂಟು. ಬಿಸಿಲಿನ ಸೀಮೆಯವರು ಸೋಮಾರಿಗಳಾದ್ದರಿಂದ ಮಾತು ಎಳೆಯುತ್ತಾರೆ, ಮಳೆಯ ಸೀಮೆಯವರು ಅವಸರದಿಂದ ಮಾತು ನುಂಗುತ್ತಾರೆ ಎಂದು ಹರಟೆಯಲ್ಲಿ ಹೇಳುವುದಿದೆ. ಇದಕ್ಕೆ ಆಧಾರವಿಲ್ಲ. ಒಂದೇ ಬಿಸಿಲಿನಲ್ಲಿ ಬೇಯುವ ಬಳ್ಳಾರಿಯ ಮಾತು ಬೇರೆ, ಕಲಬುರಗಿಯ ಮಾತು ಬೇರೆ. ಬ್ರೈಟರೂ ಎ. ಕೆ. ರಾಮಾನುಜನ್ನರೂ ತೋರಿಸಿಕೊಟ್ಟಂತೆ, ಒಂದೇ ಸೀಮೆಯಲ್ಲಿ ಜಾತಿಯಿಂದ ಜಾತಿಗೂ ಮಾತು ಬದಲಾಗುತ್ತದೆ. ಅಲ್ಲಿ ಗಾಳಿ ನೀರು ಒಂದೇ ತಾನೆ? ಯಾರು ಯಾರೊಡನೆ ಕೂತು ಮಾತಾಡಿದರು, ಯಾರು ಯಾರಿಂದ ದೂರ ಉಳಿದರು, ಯಾವ ನೆರೆಭಾಷೆಯ ಒಡನಾಟವಾಯಿತು, ಇವುಗಳಿಂದ ಮಾತಿನ ಧಾಟಿ ಮೂಡುತ್ತದೆ. ಬುದ್ಧಿ ಚುರುಕೋ ಮಂದವೋ ಎಂಬುದು ಮಾತಿನ ವೇಗದಿಂದ ತಿಳಿಯುವುದಿಲ್ಲ. ಬೇಗ ಆಡಿದ ಮಾತಿನಲ್ಲಿ ಎಷ್ಟು ಹುರುಳಿಲ್ಲದಿರಬಹುದೆಂಬುದನ್ನು ಸಭೆಗಳಿಗೆ ಹೋಗುವ ನಮಗೆ ಬೇರೆ ಹೇಳಬೇಕೆ?

ಸಾಹಿತಿಗಳು ಇದನ್ನು ನಮಗಿಂತ ಮುಂಚೆ ಅರಿತರು. ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲಿಯೇ ದೊಡ್ಡ ಕಾವ್ಯ ಬರೆದರು. ‘ನಾಕುತಂತಿ’ಗೆ ೧೯೭೩ರ ಜ್ಞಾನಪೀಠ ಬಂದಿತು. ರಾಜರತ್ನಂ ಅವರು ರತ್ನನ ಬಾಯಲ್ಲಿ ಹಕಾರವನ್ನು ಬಿಡಿಸಿ ಹಾಡಿಸಿದರು. ದೇವನೂರ ಮಹಾದೇವರ ‘ಕುಸುಮಬಾಲೆ’ ಹೊರಬಂದಾಗ ಅದರ ಕನ್ನಡ ಅರ್ಥವಾಗುವುದಿಲ್ಲವೆಂದು ಗೊಣಗಿದವರಿದ್ದರು. ೧೯೯೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ನಂಜನಗೂಡಿನ ಸೀಮೆಯ ಮಾತು. ನನ್ನ ತಾಯಿಯ ಮಾತಿಗೆ ತೀರ ಹತ್ತಿರದ್ದು. ಆ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಂಡಾಗ, ಬದುಕಿದ್ದಾಗ ಯಾವ ದನಿಗೆ ನಾಚಿದ್ದೆನೋ ಆ ದನಿಯೇ ಮನೆಯಲ್ಲಿ ಮತ್ತೆ ಕೇಳಿಸಿದಂತಾಯಿತು.

ನಾವೇನು ಮಾಡಬಹುದು?

ಊರಿನಲ್ಲಿದ್ದರೆ ಒಂದು ಸೀಮೆಯವರಿಗೆ ಇನ್ನೊಂದು ಸೀಮೆಯ ಕನ್ನಡ ಕೇಳುವುದೇ ಅಪರೂಪ. ಹೊರನಾಡಿನ ಕನ್ನಡ ಸಂಘದಲ್ಲಿ ಮ್ಯಾನೇಜರೂ ಮೇಸ್ತ್ರಿಯೂ ಹೋಟೆಲಿನವರೂ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಉಡುಪಿ, ವಿಜಯಪುರ, ಹಾಸನ, ಬೀದರಗಳ ಮಾತು ಒಂದೇ ಚಹದ ಲೋಟದ ಸುತ್ತ ಕೇಳಿಸುತ್ತದೆ. ವಾಸುಕಿಗೂ ಬೇಸರ ತರುವಷ್ಟು ದೇಸಿಗಳು ಒಂದು ಸಭಾಂಗಣದಲ್ಲಿ ಸೇರುವುದು ಭಾಗ್ಯವಲ್ಲದೆ ಮತ್ತೇನು?

ಆದರೆ ನಮ್ಮ ಮಕ್ಕಳ ವಿಷಯ ಬೇರೆ. ಅವರಿಗೆ ಹೊರಗೆಲ್ಲ ಮರಾಠಿ, ಹಿಂದಿ, ಇಂಗ್ಲಿಷು. ಕನ್ನಡವೆಂಬುದು ತಂದೆ ತಾಯಿ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ. ಆ ಬಾಯಿಯ ಕನ್ನಡವೇ ಅಶುದ್ಧವೆಂದು ನಾವು ತೀರ್ಪು ಕೊಟ್ಟರೆ ಮಗು ಶುದ್ಧ ಕನ್ನಡವನ್ನು ಕಲಿಯುವುದಿಲ್ಲ, ಕನ್ನಡವನ್ನೇ ಬಿಟ್ಟುಬಿಡುತ್ತದೆ. ಬರವಣಿಗೆಯ ಕನ್ನಡ ಎಲ್ಲರಿಗೂ ಬೇಕು. ಅದಿಲ್ಲದಿದ್ದರೆ ಬೀದರದವರ ಪತ್ರವನ್ನು ಕೊಳ್ಳೇಗಾಲದವರು ಓದುವುದು ಹೇಗೆ? ಅದನ್ನು ಕಲಿಸೋಣ. ಆದರೆ ಮನೆಯ ಮಾತಿನ ಮೇಲೆ ಅದನ್ನು ಕಟ್ಟೋಣ, ಮನೆಯ ಮಾತನ್ನು ಕೆಡವಿ ಅಲ್ಲ.

ಮೊದಲ ಕೆಲಸವಾಗಿ, ನಮ್ಮ ಸ್ಪರ್ಧೆಯ ಹಾಳೆಯಲ್ಲಿ ‘ಉಚ್ಚಾರ ಶುದ್ಧಿ’ ಎಂಬ ಅಂಕಣವನ್ನು ತೆಗೆದು ‘ಮಾತಿನ ಸ್ಪಷ್ಟತೆ’ ಎಂದು ಬರೆಯಬೇಕೆಂದು ಕಾರ್ಯಕಾರಿ ಸಮಿತಿಗೆ ಅರ್ಜಿ ಕೊಟ್ಟಿದ್ದೆ. ಸ್ವಲ್ಪ ವಾದವಾಯಿತು, ಕೊನೆಗೆ ಒಪ್ಪಿದರು. ಹಿಂದಿನ ಸಾಲಿನಲ್ಲಿ ಕೂತವರಿಗೆ ಕೇಳಿಸಿದರೆ, ಅರ್ಥವಾದರೆ, ಸಾಕು. ಯಾವ ಊರಿನ ರಾಗದಲ್ಲಾದರೂ ಹೇಳಲಿ. ಎರಡನೆಯದಾಗಿ, ಹಿರಿಯರು ತಮ್ಮ ಊರಿನ ಕಥೆಯನ್ನು ತಮ್ಮ ಊರಿನ ಮಾತಿನಲ್ಲಿಯೇ ಹೇಳುವ ಒಂದು ಸಂಜೆಯನ್ನು ಈ ವರ್ಷ ಏರ್ಪಡಿಸಲಾಗಿದೆ. ಈಗ ಎಲ್ಲರ ಕೈಯಲ್ಲಿಯೂ ಧ್ವನಿ ಹಿಡಿದಿಡುವ ಫೋನು ಇದೆ. ಮಕ್ಕಳೇ ಅದನ್ನು ಹಿಡಿದು ಅಜ್ಜ ಅಜ್ಜಿಯರ ಮಾತನ್ನು ತುಂಬಿಸಿಕೊಳ್ಳಲಿ. ನನ್ನ ತಾಯಿಯ ‘ಆಲು’ ಎಂಬ ದನಿ ನನ್ನ ಬಳಿ ಎಲ್ಲಿಯೂ ಇಲ್ಲ. ಆ ಕೊರತೆ ನಿಮ್ಮ ಮನೆಗಳಿಗೆ ಬರಬಾರದು.

ಆ ಹುಡುಗಿಯ ಮನೆಗೆ ಹೋಗಿ ನಾನು ತಪ್ಪು ಒಪ್ಪಿಕೊಂಡು ಬಂದೆ. ಅವಳು ಈಗ ದೊಡ್ಡವಳಾಗಿದ್ದಾಳೆ. ಮಳಖೇಡದ ವಿಷಯ ಹೇಳಿದೆ. ಅವಳು ನಂಬದವಳಂತೆ ಅಜ್ಜಿಯ ಕಡೆ ತಿರುಗಿ, ಬಹಳ ದಿನಗಳ ಮೇಲೆ ಕನ್ನಡದಲ್ಲಿ ಕೇಳಿದಳು: “ಖರೇನಾ ಅಜ್ಜಿ? ಮಳಖೇಡ ನಮ್ಮೂರ ಬಾಜೂಕ ಅದಲಾ?” ಅಜ್ಜಿ ಉತ್ತರ ಕೊಟ್ಟರು: “ಹೂಂನವ್ವಾ… ಅಲ್ಲೇ ಅದಾ…” ಆ ಕೊನೆಯ ಸ್ವರ ಎಷ್ಟು ಮಾತ್ರೆಯದೆಂದು ನಾನು ಎಣಿಸಲಿಲ್ಲ.